ಗಾಳದ ದಾರ ಸುತ್ತುವ ವಿದ್ಯೆ

ಇವತ್ತು ಹೊಸತೊಡಕು ಅಲ್ಲ. ಕ್ಯಾಲೆಂಡರ್ ನೋಡಿ ಖಚಿತ ಮಾಡಿಕೊಂಡೇ ಪೆನ್ನು ಹಿಡಿದಿದ್ದೇನೆ. ಆದ್ದರಿಂದ ನಾನು ಈ ಬರಹದ ಉದ್ದಕ್ಕೂ ಧಾರಾಳವಾಗಿ ಸಿಟ್ಟಾಗಬಹುದು, ಯಾರೂ ತಡೆಯುವಂತಿಲ್ಲ. ಯುಗಾದಿಯ ಮಾರನೆಯ ದಿನ, ಅಂದರೆ ಹೊಸತೊಡಕಿನ ದಿನ ಮಾತ್ರ ಸಿಟ್ಟಾಗಬಾರದು. ಅವತ್ತು ಏನು ಮಾಡುತ್ತೇವೋ ವರ್ಷವೆಲ್ಲ ಅದನ್ನೇ ಮಾಡುತ್ತೇವೆ ಎಂಬುದು ನಮ್ಮ ಕಡೆಯ ನಂಬಿಕೆ. ಅತ್ತರೆ ವರ್ಷವೆಲ್ಲ ಅಳು. ಬೈದರೆ ವರ್ಷವೆಲ್ಲ ಬೈಗುಳ. ಬಾಡೂಟ ಉಂಡರೆ ವರ್ಷವೆಲ್ಲ ಬಾಡೂಟ. ಈ ಕೊನೆಯದು ಯಾರ ವಿಷಯದಲ್ಲೂ ನಿಜವಾದದ್ದನ್ನು ನಾನು ಕಂಡಿಲ್ಲ, ಆದರೂ ನಂಬಿಕೆ ನಂಬಿಕೆಯೇ.

ಆ ಒಂದು ಹೊಸತೊಡಕಿನ ದಿನ ನಾನು ನುಂಗಿಕೊಂಡ ಸಿಟ್ಟು ಇನ್ನೂ ಹೊಟ್ಟೆಯಲ್ಲಿ ಕರಗದೆ ಕೂತಿದೆ. ಅದನ್ನು ಇಲ್ಲಿ ಕಕ್ಕಿಬಿಡುತ್ತೇನೆ.

ಮೊದಲು ನನ್ನ ಯೋಗ್ಯತೆಯನ್ನು ಹೇಳಿಕೊಳ್ಳಬೇಕು. ತಮಿಳುನಾಡಿನ ಗಡಿಯೂರಾದ ಹೊಸೂರಿನ ಒಂದು ಮೋಟಾರ್ ಕಾರ್ಖಾನೆಯಲ್ಲಿ ನಾನು ವೈಂಡಿಂಗ್ ವಿಭಾಗದ ಸೂಪರ್‌ವೈಸರ್. ತಾಮ್ರದ ತಂತಿಯನ್ನು ಸುರುಳಿಯಾಗಿ ಸುತ್ತಿಸುವುದೇ ನನ್ನ ಉದ್ಯೋಗ. ಕೂದಲಿನಂಥ ತಂತಿಯನ್ನೂ ಗಂಟಿಲ್ಲದೆ, ಹುರಿ ಬೀಳದೆ ಸುತ್ತಬಲ್ಲೆ. ಹೊಸದಾಗಿ ಕೆಲಸಕ್ಕೆ ಬಂದವರಿಗೆ ನಾನು ಹೇಳುವ ಮೊದಲ ಮಾತು, "ಬಾಬಿನ್ ಮಲಗಿಸಿದೋನು ಕೆಟ್ಟ." ತಂತಿಯ ಬಾಬಿನ್ನನ್ನು ಕಂಬಿಗೆ ಪೋಣಿಸಿಟ್ಟರೆ ಅದು ಉರುಳುತ್ತಾ ತಂತಿಯನ್ನು ನೇರವಾಗಿ ಬಿಟ್ಟುಕೊಡುತ್ತದೆ. ಅದನ್ನೇ ನೆಲದ ಮೇಲೆ ಮಲಗಿಸಿ ಮೇಲಿನಿಂದ ಎಳೆದರೆ ಸುತ್ತಿಗೊಂದು ಹುರಿ ಏರುತ್ತದೆ. ಇದು ನನ್ನ ವೇದ, ಇದೇ ನನ್ನ ಉಪನಿಷತ್ತು. ಈ ಮಾತನ್ನು ಮೀರಿದವರನ್ನು ನಾನು ಎಷ್ಟು ಬೈದಿದ್ದೇನೆಂದರೆ, ನನ್ನ ವಿಭಾಗದಲ್ಲಿ ಊಟದ ನಂತರ ಮನುಷ್ಯರು ಕೂಡ ಮಲಗಲು ಹೆದರುತ್ತಾರೆ.

ಇಂಥ ನನಗೆ ನಮ್ಮ ಮ್ಯಾನೇಜರ್ ಒಂದು ಗಾಳದ ಕೋಲು ಕೊಟ್ಟರು. ಅವರಿಗೆ ಪುಣೆಗೆ ವರ್ಗವಾಗಿತ್ತು. ಮನೆ ಖಾಲಿ ಮಾಡುವಾಗ ನನ್ನನ್ನು ಕರೆದು, ರೀಲು ಜೋಡಿಸಿದ್ದ ತಮ್ಮ ಗಾಳದ ಕೋಲನ್ನೂ ಇನ್ನೂ ಬಿಚ್ಚದ ಒಂದು ಉರುಳೆ ನೈಲಾನ್ ದಾರವನ್ನೂ ಕೈಗಿತ್ತರು. ಅಷ್ಟಕ್ಕೇ ನಿಲ್ಲಿಸಿದ್ದರೆ ಒಳ್ಳೆಯ ಮನುಷ್ಯ ಎನ್ನುತ್ತಿದ್ದೆ. ಆದರೆ ಅವರು, "ಈ ದಾರದ ಉರುಳೇನ ನೆಲದ ಮೇಲೆ ಮಲಗಿಸಿ ರೀಲಿಗೆ ಸುತ್ತಬೇಕು, ಮರೀಬೇಡಿ," ಎಂದರು.

ಮಲಗಿಸಿ! ಯಾರಿಗೆ ಹೇಳುತ್ತಿದ್ದಾರೆ? "ಆಗಲಿ ಸಾರ್," ಎಂದು ಬಾಯಲ್ಲಿ ಹೇಳಿ ಒಳಗೊಳಗೇ ನಕ್ಕೆ. ಇಂಥವರು ಮ್ಯಾನೇಜರ್ ಆದರೆ ಕಾರ್ಖಾನೆ ಉದ್ಧಾರ ಆಗುವುದು ಹೇಗೆ ಎಂದು ಮನೆಗೆ ಬರುವ ದಾರಿಯುದ್ದಕ್ಕೂ ಕನಿಕರಪಟ್ಟೆ.

ಯುಗಾದಿ ಹತ್ತಿರದಲ್ಲೇ ಇತ್ತು. ಆ ಸಲದ ಹೊಸತೊಡಕು ನನ್ನ ಹೆಂಡತಿ ಸರೋಜಾಳಿಗೆ ದೊಡ್ಡ ವಿಷಯವಾಗಿತ್ತು. ಅವಳ ಒಬ್ಬನೇ ಅಣ್ಣ ಕೃಷ್ಣಪ್ಪ ಸೂಳಗಿರಿಯಾಚೆ ಟೊಮ್ಯಾಟೋ ಬೆಳೆಯುವ ರೈತ. ಪ್ರತಿ ವರ್ಷ ಹೊಸತೊಡಕಿಗೆ ನಾವೇ ಅವನ ಮನೆಗೆ ಹೋಗಿ ಉಂಡು ಬರುತ್ತಿದ್ದೆವು. ಹೊಸೂರಿನ ಪಕ್ಕದ ಮತ್ತಿಗಿರಿಯಲ್ಲಿ ನಾವು ಸ್ವಂತ ಮನೆ ಕಟ್ಟಿಕೊಂಡ ಮೇಲೆ, ಈ ವರ್ಷ ಅಣ್ಣ ನಮ್ಮಲ್ಲಿಗೇ ಬರಬೇಕು ಎಂದು ಸರೋಜಾ ಹಟ ಹಿಡಿದು ಒಪ್ಪಿಸಿದ್ದಳು. ತವರಿನವರು ಅವಳ ಮನೆಯಲ್ಲಿ ಹಬ್ಬದ ಊಟಕ್ಕೆ ಕೂರುವುದು ಅದೇ ಮೊದಲು. ಹೊಸ ಸ್ಟೀಲ್ ತಟ್ಟೆಗಳನ್ನು ತಂದು, ಒರೆಸಿ, ಬಟ್ಟೆ ಮುಚ್ಚಿಟ್ಟಿದ್ದಳು. ದಿನಕ್ಕೊಮ್ಮೆ ಬಟ್ಟೆ ತೆಗೆದು ನೋಡಿ ಮತ್ತೆ ಮುಚ್ಚುತ್ತಿದ್ದಳು.

ಕೃಷ್ಣಪ್ಪ ಹಿಂದಿನ ವರ್ಷ ಊಟಕ್ಕೆ ಬಡಿಸುತ್ತಾ, "ಚೆನ್ನಾಗ್ ತಿನ್ನಮ್ಮಾ. ಫ್ಯಾಕ್ಟ್ರಿಯೋರ ಮನೇಲಿ ಏನ್ ಸಿಕ್ತೈತೆ, ಬರೀ ತಿಳಿಸಾರು," ಎಂದಿದ್ದ. ನಾನು ನಕ್ಕಿದ್ದೆ. ಹೊಸತೊಡಕಿನ ದಿನವಲ್ಲವೇ, ನಗದೆ ಏನು ಮಾಡಲಿ? ಆದರೆ ಆ ತಿಳಿಸಾರು ನನ್ನೊಳಗೆ ವರ್ಷವೆಲ್ಲ ಕುದಿಯುತ್ತಿತ್ತು. ಈಗ ಗಾಳ ಕೈಗೆ ಬಂದ ಕೂಡಲೇ ತೀರ್ಮಾನಿಸಿದೆ. ಭಾವನಿಗೆ ಬಡಿಸಬೇಕಾದದ್ದು ಅಂಗಡಿಯಲ್ಲಿ ಕೊಂಡ ಮಾಂಸವಲ್ಲ. ನಾನೇ ಹಿಡಿದ ಮೀನು.

ನಮ್ಮ ಬೀದಿಯಲ್ಲಿ ಹೊಸತೊಡಕಿಗೆ ಎಲ್ಲರೂ ಸೇರಿ ಕುರಿ ತಂದು, ಕೊಯ್ದು, ಬಾಳೆಲೆಯ ಮೇಲೆ ಸಮನಾಗಿ ಗುಡ್ಡೆ ಹಾಕಿ ಹಂಚಿಕೊಳ್ಳುತ್ತೇವೆ. ಇದರ ಉಸ್ತುವಾರಿ ಪಕ್ಕದ ಮನೆಯ ಸೆಲ್ವರಾಜನದು. ಅವನೂ ನಮ್ಮ ಕಾರ್ಖಾನೆಯವನೇ, ಪ್ಯಾಕಿಂಗ್ ವಿಭಾಗ. ಅವನನ್ನು ಕಾಂಪೌಂಡಿನ ಹತ್ತಿರ ಕರೆದು, ನಮ್ಮ ಪಾಲಿನ ಗುಡ್ಡೆ ಬೇಡ ಎಂದು ತಿಳಿಸಿದೆ.

"ಒಂದು ಇರ್ಲಿ ಸಾರ್," ಎಂದ. "ಮೀನು ಸಿಕ್ಕಿದ್ರೆ ಅದೂ ತಿನ್ನಿ, ಇದೂ ತಿನ್ನಿ."

"ಸಿಕ್ಕಿದ್ರೆ ಅಲ್ಲಪ್ಪ, ಸಿಗ್ತದೆ. ಗುಡ್ಡೆ ಕ್ಯಾನ್ಸಲ್."

"ಸಾರ್, ವೇಂಡಾಂ, ಬ್ಯಾಡ ಸಾರ್. ಮೇಡಂನ ಒಂದ್ಮಾತು ಕೇಳಿ."

"ಮೇಡಂನ ನಾನು ನೋಡ್ಕೋತೀನಿ."

ನೋಡಿಕೊಂಡದ್ದು ಅವಳೇ. ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟು ನನ್ನನ್ನು ದೀರ್ಘವಾಗಿ ನೋಡಿದಳು.

"ಗುಡ್ಡೆ ಬ್ಯಾಡ ಅಂದ್ಬುಟ್ರಾ?"

"ಅಂದ್ಬುಟ್ಟೆ."

"ಮೀನು ಸಿಗ್ದೇ ಹೋದ್ರೆ?"

"ಸರೋಜಾ, ಗಾಳ ಅಂದ್ರೆ ಏನು? ದಾರ. ದಾರ ಸುತ್ತೋ ವಿಷ್ಯದಲ್ಲಿ ಹೊಸೂರಿಗೆಲ್ಲ ಯಾರು?"

"ಹೊಸೂರಿನ ಕತೆ ನಂಗ್ ಬ್ಯಾಡ. ನಮ್ಮಣ್ಣ ಮೊದ್ಲು ಸಲ ಊಟಕ್ ಬತ್ತಾವ್ನೆ. ಅವನ್ ಮುಂದೆ ನಾನು ಬರೀ ತಟ್ಟೆ ಇಕ್ಕಂಗಾಗ್ಬಾರ್ದು. ಅಷ್ಟೇ ನಾನ್ ಕೇಳೋದು."

ಇಷ್ಟು ಸಣ್ಣ ಕೋರಿಕೆಯನ್ನು ಈಡೇರಿಸಲಾಗದವನು ಗಂಡನೇ? ಹಬ್ಬಕ್ಕೆ ಮುಂಚಿನ ಭಾನುವಾರ ಬೆಳಿಗ್ಗೆ ನಾನು ವಿಧ್ಯುಕ್ತವಾಗಿ ದಾರ ಸುತ್ತಲು ಕೂತೆ. ಎರಡು ಕುರ್ಚಿಗಳನ್ನು ಎದುರುಬದುರಾಗಿ ಇಟ್ಟು, ನಡುವೆ ಕಬ್ಬಿಣದ ಸೌಟಿನ ಹಿಡಿಯನ್ನು ಅಡ್ಡಲಾಗಿ ಕಟ್ಟಿ, ಅದಕ್ಕೆ ದಾರದ ಉರುಳೆಯನ್ನು ಪೋಣಿಸಿದೆ. ಮುಟ್ಟಿದರೆ ಸಾಕು, ಉರುಳೆ ಸರಾಗವಾಗಿ ತಿರುಗಿತು. ದಾರ ಬಿಗಿಯಾಗಿ ಬರಲೆಂದು ಸರೋಜಾಳ ಕೈಗೆ ಒದ್ದೆ ಬಟ್ಟೆ ಕೊಟ್ಟು, ಅದರ ನಡುವೆ ದಾರವನ್ನು ಹಿಡಿಯಲು ಹೇಳಿದೆ. ರೀಲಿನ ಹಿಡಿ ತಿರುವಿದೆ. ದಾರ ಒಂದರ ಪಕ್ಕ ಒಂದು ಕೂತುಕೊಳ್ಳುತ್ತಾ ಬಂತು. ಎಷ್ಟು ಅಚ್ಚುಕಟ್ಟು ಎಂದರೆ, ಆ ಮ್ಯಾನೇಜರ್ ಅಲ್ಲಿದ್ದಿದ್ದರೆ ಅವರ ಬೆನ್ನು ತಟ್ಟಿ "ನೋಡಿ ಕಲಿಯಿರಿ" ಎನ್ನುತ್ತಿದ್ದೆ.

ಸರೋಜಾ ಮಾತ್ರ ಹುಬ್ಬು ಗಂಟಿಕ್ಕಿದಳು. "ಇದೇನ್ರೀ ಇದು? ಒಸಿ ಸಡ್ಲ ಬಿಟ್ರೆ ದಾರ ತಾನೇ ತಾನು ಹೊಸ್ಕೊತೈತಲ್ಲ?"

"ಹೊಸ ದಾರ ಹಂಗೇ ಇರ್ತದೆ. ಅದು ಮೆಟೀರಿಯಲ್ ಪ್ರಾಪರ್ಟಿ."

"ಹಂಗಂದ್ರೆ?"

"ನೀರಿಗೆ ಬಿದ್ರೆ ಸರಿಹೋಗ್ತದೆ ಅಂತ."

ಹಾಗೆಂದರೆ ಏನೆಂದು ನನಗೂ ಗೊತ್ತಿರಲಿಲ್ಲ. ಆದರೆ ಸೂಪರ್‌ವೈಸರ್ ಆದವನಿಗೆ ಗೊತ್ತಿಲ್ಲ ಎಂದು ಹೇಳುವ ಅಭ್ಯಾಸ ತಪ್ಪಿಹೋಗಿರುತ್ತದೆ.

ಯುಗಾದಿ ಬೇವು-ಬೆಲ್ಲ, ಹೋಳಿಗೆಯಲ್ಲಿ ಕಳೆಯಿತು. ಮಾರನೆಯ ಬೆಳಿಗ್ಗೆ ಸೆಲ್ವರಾಜನ ಮೊಪೆಡ್ ಎರವಲು ಪಡೆದು, ಗಾಳ, ರಾಗಿ ಹಿಟ್ಟಿನ ಉಂಡೆ ಮತ್ತು ಮೀನು ತುಂಬಲು ಒಂದು ದೊಡ್ಡ ಚೀಲದೊಂದಿಗೆ ನಾನು ಹೊರಟು ನಿಂತೆ. ಚೀಲ ಸಾಲದೇ ಹೋದರೆ ಎಂದು ಇನ್ನೊಂದನ್ನೂ ಮಡಚಿ ಇಟ್ಟುಕೊಂಡೆ. ಸರೋಜಾ ಬಾಗಿಲಿಗೆ ಬಂದು ಷರತ್ತು ಹಾಕಿದಳು.

"ಇವತ್ತು ಬಾಯಿಂದ ಒಂದ್ ಬೈಗುಳ ಬರ್ಕೂಡ್ದು. ಹೋದ್ ವರ್ಸ ಇದೇ ದಿನ ಅಣ್ಣನ ಮನೆಗ್ ಹೊರಡೋ ಮುಂಚೆ ನಲ್ಲಿ ರಿಪೇರಿಯೋನ್ಗೆ ಬೈದ್ರಿ. ವರ್ಸ ಪೂರ್ತಿ ಬೈದಿದ್ದೇ ಆಯ್ತು, ನಲ್ಲಿ ಸೋರಿದ್ದೇ ಆಯ್ತು."

"ಬೈಯಲ್ಲ. ಬೈಯೋಕೆ ಏನೈತೆ? ಹೋಗೋದು, ಹಿಡಿಯೋದು, ಬರೋದು."

ಕೆಲವರಪಲ್ಲಿ ಅಣೆಕಟ್ಟಿನ ಹಿನ್ನೀರಿನ ದಂಡೆಯಲ್ಲಿ ಒಳ್ಳೆಯ ಜಾಗ ಹುಡುಕಿ ನಿಂತೆ. ಬೇಸಿಗೆಗೆ ನೀರು ತಗ್ಗಿತ್ತು. ಎದುರಿಗೇ ಜಿಲೇಬಿ ಮೀನುಗಳು ಪುಳಕ್ ಪುಳಕ್ ಎಂದು ಮೇಲೆದ್ದು ನನ್ನನ್ನು ಆಹ್ವಾನಿಸುತ್ತಿದ್ದವು. ಗಾಳಕ್ಕೆ ರಾಗಿ ಉಂಡೆ ಸಿಕ್ಕಿಸಿ, ಕೋಲನ್ನು ಹಿಂದಕ್ಕೆಳೆದು, ಬೀಸಿ ಎಸೆದೆ.

ಉಂಡೆ ನನ್ನ ಕಾಲ ಬಳಿ ಬಿತ್ತು.

ದಾರ ಮಾತ್ರ ಬಿತ್ತು ಎನ್ನುವಂತಿಲ್ಲ, ಎದ್ದಿತು. ರೀಲಿನಿಂದ ಗುಂಪುಗುಂಪಾಗಿ ಹೊರಗೆ ಹಾರಿತು. ಕೋಲಿನ ತುದಿಗೆ ಗಂಟು ಬಿತ್ತು, ನನ್ನ ಅಂಗಿಯ ಗುಂಡಿಗೆ ಸಿಕ್ಕಿಕೊಂಡಿತು, ಕನ್ನಡಕದ ಒಂದು ಕಾಲನ್ನು ಹಿಡಿದುಕೊಂಡಿತು. ಬಿಡಿಸಿದೆ. ಮತ್ತೆ ಎಸೆದೆ. ಈಗ ರೀಲಿನ ಮೇಲೆ ಕಾಗೆ ಗೂಡೇ ಸಿದ್ಧವಾಯಿತು. ಒಂದು ಕಡೆ ಬಿಡಿಸಿದರೆ ಇನ್ನೊಂದು ಕಡೆ ಹೊಸೆದುಕೊಳ್ಳುತ್ತಿತ್ತು. ಸಡಿಲ ಬಿಟ್ಟಲ್ಲೆಲ್ಲ ಅದು ತನ್ನಷ್ಟಕ್ಕೆ ತಾನು ಸುರುಳಿ ಸುತ್ತಿ ಜಡೆ ಹೆಣೆದುಕೊಂಡಿತು. ಹೊಸತೊಡಕಿನ ದಿನ ಹೊಸ ತೊಡಕು ಎಂದು ನೀವು ನಗಲು ಹೊರಟಿದ್ದರೆ ದಯವಿಟ್ಟು ನಿಲ್ಲಿಸಿ. ಆ ಜೋಕನ್ನು ಸೆಲ್ವರಾಜ್ ಆಗಲೇ ಮಾಡಿದ್ದಾನೆ, ಅದಕ್ಕಾಗಿ ನಾನು ಅವನೊಡನೆ ಬಹಳ ದಿನ ಮಾತು ಬಿಟ್ಟಿದ್ದೆ.

ಬೇರೆ ಯಾವ ದಿನವಾದರೂ ಆ ರೀಲಿಗೆ, ಅದನ್ನು ಮಾಡಿದವನಿಗೆ, ಮಾಡಿದವನನ್ನು ಹೆತ್ತವರಿಗೆ ತಲುಪಬೇಕಾದದ್ದನ್ನು ತಲುಪಿಸುತ್ತಿದ್ದೆ. ಬಾಯಿಯವರೆಗೆ ಬಂದದ್ದನ್ನು ಹಲ್ಲು ಕಚ್ಚಿ ತಡೆದು, ಬೈಗುಳ ಆಗದಂತೆ ಗ್ರಂಥದ ಕನ್ನಡದಲ್ಲಿ ಮಾತಾಡಿದೆ. "ಮಾನ್ಯ ದಾರವೇ, ತಾವು ಈ ರೀತಿ ವರ್ತಿಸುತ್ತಿರುವುದು ನನ್ನ ಮನಸ್ಸಿಗೆ ಬೇಸರ ಉಂಟುಮಾಡಿದೆ. ಕೃಪೆಮಾಡಿ ಸರಿಹೋಗಬೇಕಾಗಿ ವಿನಂತಿ." ದಾರ ವಿನಂತಿಯನ್ನು ತಿರಸ್ಕರಿಸಿತು. ಮೈಯೆಲ್ಲ ಉರಿಯುತ್ತಿತ್ತು. ಸಿಟ್ಟು ಬಂದಾಗ ಬೈಯದೆ ಇರುವುದು ಸೀನು ಬಂದಾಗ ಮೂಗು ಹಿಡಿದುಕೊಂಡ ಹಾಗೆ, ಕಿವಿಯಲ್ಲೆಲ್ಲ ಹೊಡೆಯುತ್ತದೆ.

ಕೊನೆಗೆ ಒಂದು ಕಲ್ಲಿನ ಮೇಲೆ ಕೂತು, ಇದಕ್ಕೆ ಏನು ರೋಗ ಎಂದು ರೀಲಿನ ಹಿಡಿಯನ್ನು ನಿಧಾನವಾಗಿ ತಿರುವಿ ನೋಡಿದೆ. ಆಗ ಕಂಡಿತು. ದಾರ ಸುತ್ತಿಕೊಳ್ಳುವ ಗಾಲಿ ತಿರುಗುತ್ತಲೇ ಇಲ್ಲ! ಅದು ಕಲ್ಲಿನ ಬಸವನಂತೆ ನಿಂತಿದೆ. ಅದರ ಸುತ್ತ ಒಂದು ತಂತಿಯ ತೋಳು ಪ್ರದಕ್ಷಿಣೆ ಹಾಕುತ್ತಾ ದಾರವನ್ನು ಸುತ್ತುತ್ತಿದೆ. ನಮ್ಮ ಕಾರ್ಖಾನೆಯ ಯಂತ್ರದಲ್ಲಿ ಗಾಲಿ ತಿರುಗುತ್ತದೆ, ಆದ್ದರಿಂದ ನೇರವಾಗಿ ಬಂದ ತಂತಿ ನೇರವಾಗಿಯೇ ಕೂರುತ್ತದೆ. ಇಲ್ಲಿ ತೋಳಿನ ಪ್ರತಿ ಸುತ್ತಿಗೂ ದಾರಕ್ಕೆ ಒಂದು ಹುರಿ ಏರುತ್ತದೆ. ಉರುಳೆಯನ್ನು ನೆಲದ ಮೇಲೆ ಮಲಗಿಸಿ ಎಳೆದಿದ್ದರೆ ಅಲ್ಲಿ ಬೀಳುವ ತಿರುಗುಹುರಿ ಇದನ್ನು ಕಳೆದುಬಿಡುತ್ತಿತ್ತು. ಮುಳ್ಳನ್ನು ಮುಳ್ಳಿನಿಂದಲೇ ತೆಗೆದ ಹಾಗೆ. ನಾನು ನನ್ನ ಇಡೀ ವಿದ್ಯೆಯನ್ನು ಖರ್ಚು ಮಾಡಿ, ಒದ್ದೆ ಬಟ್ಟೆಯಲ್ಲಿ ಬಿಗಿ ಹಿಡಿಸಿ, ಒಂದೇ ಒಂದು ಹುರಿಯೂ ತಪ್ಪಿಸಿಕೊಳ್ಳದಂತೆ ಎಲ್ಲವನ್ನೂ ಒಳಗೆ ತುಂಬಿಸಿದ್ದೆ.

ಅಂದರೆ ಮ್ಯಾನೇಜರ್ ಹೇಳಿದ್ದೇ ಸರಿ. ತಪ್ಪು ಹೇಳಿದವನ ಮೇಲೆ ಬರುವ ಸಿಟ್ಟು ಒಂದು ಪಾಲಾದರೆ, ಸರಿಯಾಗಿ ಹೇಳಿ ಪುಣೆಗೆ ಹೋಗಿ ಕೂತವನ ಮೇಲೆ ಬರುವುದು ಅದರ ಹತ್ತು ಪಾಲು. ಸರಿಯಾಗಿ ಹೇಳಿದ ಮೇಲೆ ಒಂದು ಮಾತು ಗದರಿಸಿ ಹೇಳಬಾರದಿತ್ತೇ? ನಾನು ನನ್ನ ಕೈಕೆಳಗಿನವರಿಗೆ ಹಾಗೆಯೇ ಹೇಳುವುದು.

ಮೊಪೆಡ್ ಓಡಿಸಿಕೊಂಡು ಊರಿನ ಮಾಂಸದ ಅಂಗಡಿಗಳನ್ನೆಲ್ಲ ಸುತ್ತಿದೆ. ಹೊಸತೊಡಕಿನ ದಿನ ಬಿಸಿಲೇರಿದ ಮೇಲೆ ಅಂಗಡಿಗಳಲ್ಲಿ ಉಳಿಯುವುದು ಮರದ ದಿಮ್ಮಿ ಮತ್ತು ನೊಣ. ಕೋಳಿ ಅಂಗಡಿಯವನು ಖಾಲಿ ಪಂಜರ ತೊಳೆಯುತ್ತಿದ್ದ. ಮನೆಗೆ ಬಂದಾಗ ಅಡುಗೆಮನೆಯಿಂದ ಹುರಿದ ಕೊಬ್ಬರಿ, ಚೆಕ್ಕೆ, ಲವಂಗದ ಘಮ ಬೀದಿಯವರೆಗೂ ಬರುತ್ತಿತ್ತು. ಒಲೆಯ ಮೇಲೆ ದೊಡ್ಡ ಪಾತ್ರೆ ಕಾದು ಕೂತಿತ್ತು. ಹಿಂದೆ ಎಂದಾದರೂ ಅಂಥ ಪರಿಮಳಕ್ಕೆ ಅಷ್ಟೊಂದು ಹೆದರಿದ್ದು ನನಗೆ ನೆನಪಿಲ್ಲ.

ಸರೋಜಾ ನನ್ನ ಕೈಯಲ್ಲಿದ್ದ ಎರಡು ಖಾಲಿ ಚೀಲಗಳನ್ನೂ ನೋಡಿದಳು. ಅವಳೂ ಅವತ್ತು ಬೈಯುವಂತಿರಲಿಲ್ಲ.

"ಬನ್ನಿ," ಎಂದಳು. "ಮೀನೆಲ್ಲಿ ಅಂತ ನಾನು ಕೇಳಲ್ಲ."

"ಕೇಳದೇ ಇದ್ದಿದ್ದು ಸಂತೋಷ."

"ಮಸಾಲೆ ಅರ್ದು ಮಡಗಿದೀನಿ. ಅದನ್ನ ಯಾರ್ ತಲೆಗೆ ತಿಕ್ಲಿ ಅಂತಾನೂ ಕೇಳಲ್ಲ."

"ತುಂಬ ಒಳ್ಳೇದು."

"ನಮ್ಮಣ್ಣ ಬಸ್ ಹತ್ತವ್ನಂತೆ. ಫೋನ್ ಬಂದಿತ್ತು."

ಇಬ್ಬರೂ ಹಲ್ಲು ಕಿರಿದುಕೊಂಡೇ ಮಾತಾಡುತ್ತಿದ್ದೆವು. ದೂರದಿಂದ ನೋಡಿದವರಿಗೆ ಎಂಥ ಅನ್ಯೋನ್ಯ ದಂಪತಿ ಎನಿಸುತ್ತಿತ್ತು. ಅವಳು ಹೊಸ ತಟ್ಟೆಗಳ ಮೇಲಿನ ಬಟ್ಟೆಯನ್ನು ತೆಗೆದಳು, ಮತ್ತೆ ಮುಚ್ಚಿದಳು. ಕಣ್ಣಲ್ಲಿ ನೀರು ನಿಂತಿತ್ತು. ಅತ್ತರೆ ವರ್ಷವೆಲ್ಲ ಅಳಬೇಕಾದೀತೆಂದು ತಲೆ ಮೇಲೆತ್ತಿ ಸೂರು ನೋಡುತ್ತಾ ಅದನ್ನು ಒಳಕ್ಕೆ ಇಳಿಸುತ್ತಿದ್ದಳು. ನನಗೆ ಅಲ್ಲಿಯವರೆಗೆ ರೀಲಿನ ಮೇಲಿದ್ದ ಸಿಟ್ಟು ಆಗ ನನ್ನ ಮೇಲೇ ತಿರುಗಿತು.

ಸೆಲ್ವರಾಜನ ಬಳಿ ಓಡಿದೆ. "ಗುಡ್ಡೆ ಏನಾದ್ರೂ ಉಳಿದೈತಾ?"

"ನಮ್ಮದು ಕುಕ್ಕರ್‌ಗೆ ಹೋಗ್ಬುಟ್ಟೈತೆ ಸಾರ್, ಧರ್ಮಪುರಿಯಿಂದ ನೆಂಟ್ರು ಬಂದವ್ರೆ. ನಿಮ್ ಗುಡ್ಡೆ ಬೇರೆಯವ್ರು ಎತ್ಕೊಂಡ್ರು. ಯಾರು ಅಂತ ಕೇಳ್ಬೇಡಿ. ಅವ್ರ ಹತ್ರ ಹೋಗಿ ವಾಪಸ್ ಕೊಡಿ ಅನ್ನೋ ಧೈರ್ಯ ನಂಗಿಲ್ಲ."

ಇನ್ನು ಉಳಿದದ್ದು ಒಂದೇ ದಾರಿ. ಮತ್ತಿಗಿರಿಯ ಕೆರೆ ಹತ್ತಿರದಲ್ಲೇ ಇದೆ. ದಾರದ ಹುರಿ ಬಿಚ್ಚಿಬಿಟ್ಟರೆ ಕೃಷ್ಣಪ್ಪ ಬರುವುದರೊಳಗೆ ಒಂದೆರಡು ಮೀನಾದರೂ ಸಿಗಬಹುದು. ಹುರಿ ಬಿಚ್ಚುವ ವಿದ್ಯೆಯೂ ನನಗೆ ಗೊತ್ತಿತ್ತು. ತುದಿಯನ್ನು ಬಿಡುವಾಗಿ ಬಿಟ್ಟು ಉದ್ದಕ್ಕೆ ಎಳೆದುಕೊಂಡು ಹೋದರೆ ದಾರ ತಾನೇ ತಿರುಗಿ ಹುರಿ ಕಳೆದುಕೊಳ್ಳುತ್ತದೆ. ಆದ್ದರಿಂದ ಸೆಲ್ವರಾಜ್ ಮೊಪೆಡ್ ಓಡಿಸುವುದು, ನಾನು ಹಿಂದೆ ಮುಖ ಮಾಡಿ ಕ್ಯಾರಿಯರ್ ಮೇಲೆ ಕೂತು ದಾರ ಬಿಡುತ್ತಾ ಹೋಗುವುದು ಎಂದು ಯೋಜನೆ ಸಿದ್ಧವಾಯಿತು.

"ಸಾರ್, ಇದು ಸರಿ ವರಾದು ಸಾರ್," ಎಂದ ಸೆಲ್ವರಾಜ್. ಸರಿಬರುವುದಿಲ್ಲ ಎಂದು ಅವನು ಹೇಳಿದ ಯಾವುದೂ ಅವತ್ತಿನವರೆಗೆ ಸರಿಬಂದಿರಲಿಲ್ಲ. ಆದರೂ ನಾನು ಹತ್ತಿ ಕೂತೆ.

ಯಾರಿಗೂ ಚುಚ್ಚಬಾರದೆಂದು ಗಾಳದ ಕೊಕ್ಕೆಯನ್ನು ಕಳಚಿದ್ದೆ. ಅಷ್ಟು ಬುದ್ಧಿ ಇತ್ತು. ಆದರೆ ತುದಿ ಗಾಳಿಗೆ ಹಾರದಿರಲೆಂದು ರಾಗಿ ಉಂಡೆಯನ್ನು ದಾರಕ್ಕೇ ಮೆತ್ತಿ ಬಿಟ್ಟಿದ್ದೆ. ಅಷ್ಟು ಇರಲಿಲ್ಲ. ಮೊಪೆಡ್ ಹೊರಟಿತು. ರೀಲಿನಿಂದ ದಾರ ಬಿಚ್ಚಿಕೊಳ್ಳುತ್ತಾ ಬೀದಿಯುದ್ದಕ್ಕೂ ಹಾಸಿಕೊಂಡು ಬಂತು, ಹಿಂದೆ ರಾಗಿ ಉಂಡೆ ಕುಣಿಯುತ್ತಾ ಬಂತು. ನಿಜವಾಗಿಯೂ ಹುರಿ ಬಿಚ್ಚುತ್ತಿತ್ತು! ನನಗೆ ಬೆಳಗಿನಿಂದ ಮೊದಲ ಬಾರಿಗೆ ಉಸಿರು ಸರಾಗವಾಯಿತು.

ಬೀದಿಯ ತುದಿಯ ಮನೆ ಮುನಿಯಮ್ಮನದು. ಕೋಳಿ ಸಾಕುವ ಮುದುಕಿ, ಅವಳ ನಾಲಿಗೆಗೆ ನಮ್ಮ ಇಡೀ ಬೀದಿ ತಲೆಬಾಗಿ ನಡೆಯುತ್ತದೆ. ಅವಳ ಅಂಗಳದಿಂದ ಒಂದು ಹುಂಜ ಹೊರಬಂದು ರಾಗಿ ಉಂಡೆಯನ್ನು ನೋಡಿತು. ಅದು ಸಾಮಾನ್ಯ ಹುಂಜವಲ್ಲ, ಮಾರಮ್ಮನಿಗೆಂದು ಹರಕೆ ಬಿಟ್ಟು, ಕಾಳು ಹಾಕಿ ಕೊಬ್ಬಿಸಿದ ಕೆಂಪು ಹುಂಜ. ಉಂಡೆಯ ಹಿಂದೆ ಓಡತೊಡಗಿತು. ಅದರ ಹಿಂದೆ ಹೇಂಟೆಗಳು, ಅವುಗಳ ಹಿಂದೆ ಮರಿಗಳು. ಊರಿನ ಉತ್ಸವಮೂರ್ತಿಗೂ ಅಷ್ಟು ಶ್ರದ್ಧೆಯ ಮೆರವಣಿಗೆ ಸಿಕ್ಕಿರಲಿಕ್ಕಿಲ್ಲ.

"ಸೆಲ್ವರಾಜು, ನಿಲ್ಲಿಸು," ಎಂದೆ.

ನಿಲ್ಲಿಸಿದ. ನಿಲ್ಲಿಸಬಾರದಿತ್ತು. ಬಿಗಿಯಾಗಿದ್ದ ದಾರ ಸಡಿಲವಾಯಿತು, ಸಡಿಲವಾದದ್ದೇ ತಡ, ಉಳಿದಿದ್ದ ಹುರಿಯೆಲ್ಲ ಒಂದೇ ಸಲ ಎದ್ದು ಸುರುಳಿ ಕಟ್ಟಿತು. ಉಂಡೆಗೆ ಕೊಕ್ಕು ಹಾಕಿದ ಹುಂಜದ ಕಾಲಿಗೆ ಸುರುಳಿ, ರೆಕ್ಕೆಗೆ ಸುರುಳಿ. ಅದು ಹಾರಿತು, ಕೂಗಿತು, ಉರುಳಿತು, ಪ್ರತಿ ಉರುಳಿಗೂ ಇನ್ನಷ್ಟು ಸುತ್ತಿಕೊಂಡಿತು. ನಾನು ಇಳಿದು ಓಡಿ ಅದನ್ನು ತಬ್ಬಿ ಹಿಡಿದೆ. ಈಗ ನನ್ನ ಎರಡೂ ಕೈ ಹುಂಜಕ್ಕೆ ಸೇರಿ ಒಂದೇ ಕಟ್ಟಾಯಿತು. ಬೀದಿಯ ನಡುವೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟೆ. ಬೇರೆ ದಾರಿ ಇರಲಿಲ್ಲ.

ಮುನಿಯಮ್ಮ ಬಂದಳು. "ಏಮಿರಾ ಇದಿ," ಎಂದು ತೆಲುಗಿನಲ್ಲಿ ಆರಂಭಿಸಿದಳು. ನನ್ನ ವಂಶವನ್ನು ತೆಲುಗಿನಲ್ಲಿ ಮುಗಿಸಿ, "ಅರಿವು ಇರುಕ್ಕಾ ಉನಕ್ಕು" ಎಂದು ನನ್ನ ಬುದ್ಧಿಯ ವಿಚಾರಕ್ಕೆ ತಮಿಳಿಗೆ ದಾಟಿ, ಉಳಿದ ಅಂಗಾಂಗಗಳನ್ನು ಕನ್ನಡದಲ್ಲಿ ವಿಚಾರಿಸಿಕೊಂಡಳು. ನಾನು ತುಟಿ ಬಿಗಿಹಿಡಿದು ಕೂತೇ ಇದ್ದೆ. ಕಿವಿ ಕಾದ ಹೆಂಚಾಗಿತ್ತು.

"ಅಜ್ಜಿ, ಇವತ್ತು ಹೊಸತೊಡಕು," ಎಂದು ಮೆಲ್ಲಗೆ ನೆನಪಿಸಿದೆ. "ಇವತ್ತು ಬೈದ್ರೆ ವರ್ಷ ಪೂರ್ತಿ ಬೈಬೇಕಾಗ್ತದೆ."

"ನಾನು ವರ್ಸ ಪೂರ್ತಿ ಬೈಯೋಳೇ ಕಣ್ಲಾ. ನಂಗೇನ್ ನಷ್ಟ?"

ಸರಿಯಾಗಿ ಆ ಹೊತ್ತಿಗೆ ನಮ್ಮ ಪಕ್ಕದಲ್ಲಿ ಒಂದು ಆಟೋ ನಿಂತಿತು. ಟೊಮ್ಯಾಟೋ ತುಂಬಿದ ಚೀಲ ಹಿಡಿದು ಕೃಷ್ಣಪ್ಪ ಇಳಿದ. ನನ್ನನ್ನು ನೋಡಿದ, ತೊಡೆಯ ಮೇಲಿನ ಹುಂಜವನ್ನು ನೋಡಿದ, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ ಮುನಿಯಮ್ಮನನ್ನು ನೋಡಿದ.

"ಏನ್ ಭಾವ," ಎಂದ ಬಹಳ ಮೃದುವಾಗಿ, "ಹಬ್ಬದ ದಿನ ಕೋಳಿ ಕದಿಯಾಕ್ ಇಳ್ದ್‌ಬುಟ್ರಾ? ಇಲ್ಲಾಂತ ಒಂದ್ ಮಾತು ಹೇಳಿದ್ರೆ ನಾನೇ ತತ್ತಿದ್ನಲ್ಲ."

"ಇಲ್ಲ ಭಾವ," ಎಂದೆ. "ಮೀನು ಹಿಡೀತಿದ್ದೆ."

ಸೆಲ್ವರಾಜ್ ಮೊಪೆಡ್ಡಿನ ಹಿಂದೆ ಬಗ್ಗಿ ಏನೋ ಹುಡುಕುವವನಂತೆ ನಟಿಸುತ್ತಿದ್ದ, ಅವನ ಬೆನ್ನು ಮಾತ್ರ ಕುಲುಕುತ್ತಿತ್ತು.

ಸರೋಜಾ ಕತ್ತರಿ ಹಿಡಿದು ಬಂದಳು. ಅಣ್ಣನನ್ನು ನೋಡಿ ತಲೆ ತಗ್ಗಿಸಿದಳು. ನನ್ನ ಕೈ ಬಿಡಿಸಲು ಹೋದವಳನ್ನು ಮುನಿಯಮ್ಮ ತಡೆದಳು. "ಮೊದ್ಲು ಹುಂಜ. ಆಮ್ಯಾಕ್ ಗಂಡ." ಹುಂಜ ಬಿಡುಗಡೆಯಾಗಿ, ಗರಿ ಕೊಡವಿ, ರಾಗಿ ಉಂಡೆಯನ್ನು ತಿಂದು ಮುಗಿಸಿ, ನನ್ನ ಕಡೆ ಒಮ್ಮೆ ನೋಡಿ ಕೂಗಿತು. ಆ ಇಡೀ ದಿನದಲ್ಲಿ ಹೊಟ್ಟೆ ತುಂಬಿದ್ದು ಅಲ್ಲಿಯವರೆಗೆ ಅದೊಂದಕ್ಕೇ.

ಮುನಿಯಮ್ಮ ಸರೋಜಾಳ ಮುಖವನ್ನು ಗಮನಿಸಿದಳು. "ಯಾಕಮ್ಮಾ ಇಂಗಿದ್ದೀಯ? ಅಣ್ಣ ಬಂದವ್ನೆ, ಒಲೆ ಮ್ಯಾಲೆ ಏನಿಕ್ಕಿದ್ದೀಯ?"

"ಮಸಾಲೆ ಅರ್ದಿದೀನಿ ಅಜ್ಜಿ."

"ಮಸಾಲೆ ಯಾತಕ್ಕೆ ಅಂತ?"

ಸರೋಜಾ ಕತ್ತರಿಯನ್ನು ತೆರೆದು ಮುಚ್ಚುತ್ತಾ ನಿಂತಳು. ನಾನೇ ಹೇಳಿದೆ. ಗುಡ್ಡೆ ಬೇಡ ಎಂದದ್ದು ನಾನು, ಮೀನು ತರುತ್ತೇನೆ ಎಂದದ್ದು ನಾನು, ದಾರ ಕೆಡಿಸಿದ್ದು ನಾನು, ಅವಳದೇನೂ ತಪ್ಪಿಲ್ಲ ಎಂದೆ. ಕೃಷ್ಣಪ್ಪನ ಎದುರಿಗೇ ಹೇಳಬೇಕಾಯಿತು. ಹೇಳುವಾಗ ಮೈಮೇಲೆ ಇನ್ನೂ ಹುಂಜದ ಗರಿಗಳಿದ್ದವು.

ಮುನಿಯಮ್ಮ ಒಳಗೆ ಹೋಗಿ ಬಾಳೆಲೆ ಮುಚ್ಚಿದ ಒಂದು ಪಾತ್ರೆ ತಂದು ಸರೋಜಾಳ ಕೈಯಲ್ಲಿಟ್ಟಳು. "ತಕ್ಕೋ. ನಿಮ್ಮನೆ ಗುಡ್ಡೇನೇ ಇದು. ನಿನ್ ಗಂಡ ಬ್ಯಾಡ ಅಂದ್ನಂತೆ, ಸೆಲ್ವರಾಜ ನಂಗ್ ಕೊಟ್ಟ. ನಾಳೀಕೆ ಅಂತ ಮಡಗಿದ್ದೆ. ನಿನ್ ಮಕ ನೋಡಿ ಕೊಡ್ತಾ ಇವ್ನಿ. ಇವನ್ ಮಕ ನೋಡಿದ್ರೆ ಮೂಳೇನೂ ಕೊಡಲ್ಲ."

ಹೊತ್ತು ಇಳಿಯುವಷ್ಟರಲ್ಲಿ ಬಾಡೂಟ ಸಿದ್ಧವಾಯಿತು. ಹೊಸ ತಟ್ಟೆಗಳ ಮೇಲಿನ ಬಟ್ಟೆ ಕೊನೆಯ ಸಲ ತೆಗೆಯಲ್ಪಟ್ಟಿತು. ಕೃಷ್ಣಪ್ಪ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ಬಾಯಿಗಿಟ್ಟು, ಕಣ್ಣು ಮುಚ್ಚಿಕೊಂಡ. "ಅವ್ವನ್ ಕೈ ರುಚಿ ಕಣಮ್ಮ ನಿಂದು," ಎಂದ. ಸರೋಜಾ ಆಗ ಅತ್ತೇಬಿಟ್ಟಳು. ವರ್ಷವೆಲ್ಲ ಅಳಬೇಕಾದರೂ ಚಿಂತೆಯಿಲ್ಲ ಎನ್ನುವ ಹಾಗೆ ಸೆರಗಿನಲ್ಲಿ ಕಣ್ಣೊರೆಸುತ್ತಾ, ನಗುತ್ತಾ, ಅಣ್ಣನಿಗೆ ಮತ್ತೆ ಮತ್ತೆ ಬಡಿಸಿದಳು. ನನಗೂ ಬಡಿಸಿದಳು. ಕೃಷ್ಣಪ್ಪ ನನ್ನ ತಟ್ಟೆಯಲ್ಲಿದ್ದ ತುಂಡನ್ನು ತೋರಿಸಿ, "ಭಾವ, ಇದು ಯಾವ ಮೀನು?" ಎಂದು ಕೇಳಿದ. ನಾನು ಅಗಿಯುವುದರಲ್ಲಿ ಮಗ್ನನಾಗಿದ್ದೆ.

ಅಣ್ಣನನ್ನು ಬಸ್ಸಿಗೆ ಕಳಿಸಿ ಬಂದ ಮೇಲೆ ಸರೋಜಾ ನನ್ನ ಪಕ್ಕ ಕೂತು, "ಏನೇ ಆಗ್ಲಿ, ಇವತ್ತು ಒಂದೇ ಒಂದ್ ಬೈಗುಳ ಆಡ್ಲಿಲ್ಲ ನೀವು. ಈ ವರ್ಸ ನೆಮ್ಮದಿ," ಎಂದಳು. ನಾನು ಹೆಮ್ಮೆಯಿಂದ ಎದೆ ಉಬ್ಬಿಸಿದೆ. ನಂಬಿಕೆಯ ಆ ಕಡೆಯ ಬಾಗಿಲನ್ನು ನಾನು ನೋಡಿರಲೇ ಇಲ್ಲ. ಅವತ್ತು ಬೈದವನು ವರ್ಷವೆಲ್ಲ ಬೈಯುತ್ತಾನೆ, ಸರಿ. ಬೈಸಿಕೊಂಡವನು?

ಬೈಸಿಕೊಂಡೆ. ಕಾರ್ಖಾನೆಯ ಬಸ್ಸಿಗೆ ಹೋಗಲು ಮುನಿಯಮ್ಮನ ಮನೆ ಮುಂದೆಯೇ ಹಾಯಬೇಕು. ಹೋಗುವಾಗ ತಮಿಳು, ಬರುವಾಗ ತೆಲುಗು, ರಜಾ ದಿನ ಕನ್ನಡ. ಮಾಂಸ ಕೊಟ್ಟ ಋಣದಲ್ಲಿ ನಾನು ಬಾಯಿ ತೆರೆಯುವಂತಿರಲಿಲ್ಲ. ವೈಂಡಿಂಗ್ ವಿಭಾಗದಲ್ಲಿ, "ಬಾಬಿನ್ ಮಲಗಿಸಿದೋನು ಕೆಟ್ಟ" ಎಂದು ನಾನು ಎಂದಿನಂತೆ ಶುರುಮಾಡಿದರೆ ಹಿಂದಿನಿಂದ ಯಾರೋ, "ಸಾರ್, ಹುಂಜ ಸುತ್ತೋದಾದ್ರೆ ನಿಲ್ಲಿಸ್ಬೇಕಾ, ಮಲಗಿಸ್ಬೇಕಾ?" ಎಂದು ಕೇಳುತ್ತಿದ್ದರು. ಸೆಲ್ವರಾಜ್ ಪ್ಯಾಕಿಂಗ್ ವಿಭಾಗದವನು. ಸುದ್ದಿಯನ್ನು ಅಚ್ಚುಕಟ್ಟಾಗಿ ಕಟ್ಟಿ ಎಲ್ಲ ವಿಭಾಗಗಳಿಗೂ ಕಳಿಸಿದ್ದ. ಹೊಸ ದಾರ ತಂದು, ಉರುಳೆಯನ್ನು ಮಲಗಿಸಿ, ಒಂದೂ ಹುರಿ ಇಲ್ಲದೆ ಸುತ್ತಿ ಇಟ್ಟೆ. ಅದನ್ನು ಹಿಡಿದು ಮನೆಯಿಂದ ಹೊರಟರೆ ಸಾಕು, ಬೀದಿಯ ಹೆಂಗಸರು ಕೋಳಿಗಳ ಮೇಲೆ ಬುಟ್ಟಿ ಕವುಚುತ್ತಿದ್ದರು.

ಮುಂದಿನ ಹೊಸತೊಡಕಿಗೆ ನಾನು ಎಚ್ಚರ ವಹಿಸಿದೆ. ಈ ಶನಿ ಇನ್ನೊಂದು ವರ್ಷಕ್ಕೆ ಅಂಟಬಾರದು ಎಂದು ಬೆಳಿಗ್ಗೆಯಿಂದ ಬಾಗಿಲು ಹಾಕಿಕೊಂಡು ಒಳಗೇ ಕೂತಿದ್ದೆ. ಕಿಟಕಿಯ ಹತ್ತಿರಕ್ಕೂ ಹೋಗಲಿಲ್ಲ. ಬಿಸಿಲೇರುವ ಹೊತ್ತಿಗೆ ಯಾರೋ ಬಾಗಿಲು ತಟ್ಟಿದರು. ಸರೋಜಾ ಹೋಗಿ ತೆಗೆದಳು. ಮುನಿಯಮ್ಮ ಒಳಗೆ ಬಂದು, ಚಾಪೆಯ ಮೇಲೆ ಕೂತು, ನೀರು ಕೇಳಿ ಕುಡಿದು, ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು.

"ವರ್ಸದ್ ದಿನ, ತಪ್ಪಿಸ್ಬಾರ್ದು," ಎಂದು ಸರೋಜಾಳಿಗೆ ಹೇಳಿ, ನನ್ನ ಕಡೆ ತಿರುಗಿ ತೆಲುಗಿನಿಂದ ಶುರುಮಾಡಿದಳು.